ಐವತ್ತೈದಕ್ಕೋ, ಐವತ್ತೆಂಟಕ್ಕೋ

ಸೋಮವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನಾನು ಬಾಯ್ಲರ್ ಮನೆಯ ಬಾಗಿಲಲ್ಲಿದ್ದೆ. ನೀರಿನ ಮಾದರಿ ಹಿಡಿಯುವ ಬಾಟಲಿಗೆ ಅಂಟಿಸುವ ಚೀಟಿಯಲ್ಲಿ ಹೊತ್ತು ಬರೆಯಬೇಕಾದ್ದರಿಂದ ಗಡಿಯಾರ ನೋಡಿದ್ದೆ. ಬರೆದು ತಲೆಯೆತ್ತಿದಾಗ ಬಾಯ್ಲರಿನ ಮುಂದಿನ ನೀರಿನ ಗಾಜು ಕಣ್ಣಿಗೆ ಬಿತ್ತು. ಅದರಲ್ಲಿ ನೀರಿನ ಗೆರೆ ಇರಲಿಲ್ಲ.

ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಶೇಂಗಾ ಬೀಜವನ್ನು ಗಾಣಕ್ಕೆ ಹಾಕುವ ಮೊದಲು ಹಬೆಯಲ್ಲಿ ಬೇಯಿಸಬೇಕು. ಆ ಹಬೆ ಬರುವುದು ಬಾಯ್ಲರಿನಿಂದ. ಉರುವಲು ಶೇಂಗಾ ಹೊಟ್ಟು. ಒಳಗೆ ಎಷ್ಟು ನೀರಿದೆ ಎಂದು ತೋರಿಸಲು ಹೊರಗೆ ಬೆರಳು ದಪ್ಪದ ಒಂದು ಗಾಜಿನ ಕೊಳವೆ ಇರುತ್ತದೆ. ಅದರದ್ದೊಂದು ತೊಂದರೆಯಿದೆ. ನೀರು ಕೊಳವೆಯ ತುದಿಯವರೆಗೆ ತುಂಬಿದ್ದರೂ, ಒಂದು ಹನಿ ಇಲ್ಲದಿದ್ದರೂ ನೋಡಲು ಒಂದೇ ಥರ. ನಡುವೆ ಎಲ್ಲೋ ಒಂದು ಗೆರೆ ಕಂಡರೆ ಮಾತ್ರ ಧೈರ್ಯ. ನೀರು ಇಳಿದರೆ ತಾನೇ ಹೊಡೆದುಕೊಳ್ಳಬೇಕಿದ್ದ ಗಂಟೆ ಕೆಟ್ಟು ಎಷ್ಟೋ ದಿನವಾಗಿತ್ತು.

ಬಾಯ್ಲರ್ ನೋಡಿಕೊಳ್ಳುವವರು ಕೆಳಗೆ ಬೋರಲು ಹಾಕಿದ ಡಬ್ಬದ ಮೇಲೆ ಕೂತಿದ್ದರು. ಇಡೀ ಮಿಲ್ಲಿಗೆ ಅವರು ‘ಬಾಯ್ಲರ್ ಅಣ್ಣ’. ಆಗಷ್ಟೇ ಐವತ್ತೈದು ತುಂಬಿತ್ತು.

“ಅಣ್ಣ, ಗಾಜು ನೋಡಿದ್ರಾ?”

“ತುಂಬೈತೆ ಮೇಡಮ್ಮ. ಗಂಟ್ಲತನ್ಕ ಐತೆ.”

ನಾಲಿಗೆ ತೊದಲುತ್ತಿತ್ತು. ಕುಡಿಯುವ ಮನುಷ್ಯರಲ್ಲ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಆದರೆ ಕೈ ಮುಟ್ಟಿದರೆ ತಣ್ಣಗಿತ್ತು. ನಾನು ಗಾಜಿನ ಕೆಳಗಿನ ನಲ್ಲಿ ತಿರುಗಿಸಿದೆ. ತುಂಬಿದ್ದರೆ ಬಿಸಿನೀರು ಚಿಮ್ಮಬೇಕಿತ್ತು. ಬರೀ ಹಬೆ ಬಂತು.

ಆ ಸದ್ದಿಗೆ ಮೇಸ್ತ್ರಿ ಓಡಿ ಬಂದರು. ನನ್ನ ಮುಖ ನೋಡಿ, ಗಾಜು ನೋಡಿ, “ನೀರು ಬಿಡಾಣ, ನೀರು ಬಿಡಾಣ” ಎನ್ನುತ್ತ ನೀರಿನ ಪಂಪಿನ ಸ್ವಿಚ್ಚಿಗೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದು ಎಳೆದೆ.

“ಮುಟ್ಟಬ್ಯಾಡ್ರಿ!”

“ಸುಟ್ಟು ಹೋಗ್ತೈತಲ್ರೀ ಮೇಡಮ್!”

“ಸುಟ್ಟು ಹೋಗ್ಲಿ. ನೀರು ಬಿಟ್ರೆ ನಾವ್ಯಾರೂ ಇರಲ್ಲ.”

ಒಳಗಿನ ಕೊಳವೆಗಳು ನೀರಿಲ್ಲದೆ ಕಾದು ಕೆಂಪಾಗಿದ್ದರೆ, ಅವುಗಳ ಮೇಲೆ ನೀರು ಬಿದ್ದ ಕ್ಷಣದಲ್ಲಿ ಅಷ್ಟೂ ಹಬೆಯಾಗುತ್ತದೆ. ಕಬ್ಬಿಣ ಅದನ್ನು ತಡೆಯದು. ನೀರು ಎಲ್ಲಿಯವರೆಗೆ ಇಳಿದಿದೆ ಎಂದು ಗೊತ್ತಿಲ್ಲದಾಗ ಪಂಪು ಮುಟ್ಟಬಾರದು, ಬೆಂಕಿಯನ್ನು ಉಪವಾಸ ಕೆಡವಬೇಕು. ಓದಿದ್ದು ನೆನಪಿತ್ತು, ಮಾಡಿ ಗೊತ್ತಿರಲಿಲ್ಲ. ಹೊಟ್ಟು ಬೀಳುವ ದಾರಿ ಮುಚ್ಚಿಸಿದೆ. ಫ್ಯಾನ್ ಆರಿಸಿದೆ. ಒಲೆಯ ಬಾಗಿಲು, ಹೊಗೆ ಹೋಗುವ ದಾರಿ, ಗಾಣದ ಕಡೆಯ ಹಬೆಯ ವಾಲ್ವ್ ಒಂದೊಂದಾಗಿ ಮುಚ್ಚಿದೆವು. ಎಲ್ಲರೂ ಹೊರಗೆ ಓಡಿ ಎಂದು ಮೇಸ್ತ್ರಿ ಕೂಗಿದರು. ಅಣ್ಣ ಏಳಲಿಲ್ಲ. ಹೊಟ್ಟು ತಳ್ಳುವ ಹೆಂಗಸು ಒಂದು ತೋಳು, ನಾನೊಂದು ತೋಳು ಹಿಡಿದು ಅಂಗಳದ ಆಚೆ ಗೋಡೆಯವರೆಗೆ ಎಳೆದುಕೊಂಡು ಹೋದೆವು.

ಸಕ್ಕರೆ ಕಾಯಿಲೆಯವರೆಂದು ಗೊತ್ತಿತ್ತು, ರಕ್ತದಲ್ಲಿ ಸಕ್ಕರೆ ಇಳಿದಿರಬೇಕು ಅನ್ನಿಸಿತು. ಆ ಹೆಂಗಸು ತನ್ನ ಬುತ್ತಿಗಂಟಿನಿಂದ ಬೆಲ್ಲದ ಚೂರು ತಂದು ಬಾಯಿಗಿಟ್ಟಳು. ಅಣ್ಣ ಹಲ್ಲು ಕಚ್ಚಿ ಮುಖ ತಿರುಗಿಸಿದರು.

“ದನ ಬಂದಿಲ್ಲ,” ಅಂದರು.

ಅವರದ್ದು ಕೊಂಡ್ಲಹಳ್ಳಿ ದಾಟಿ ಮೊಳಕಾಲ್ಮೂರು ಕಡೆ ಹೋಗುವ ದಾರಿಯ ಒಳಗಿನ ಹಟ್ಟಿ. ದೇವರಿಗೆ ಬಿಟ್ಟ ದನಗಳ ಹಿಂಡನ್ನು ತಲೆತಲಾಂತರದಿಂದ ಕಾಯುತ್ತ ಬಂದ ಮನೆತನ. ಅವರ ಮನೆಯಲ್ಲಿ ಒಬ್ಬರು ಸೋಮವಾರ ಆ ದನಗಳು ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ದೊಡ್ಡಿಗೆ, ಮರಳಿ ಬರುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಆ ಒಬ್ಬರು ಇವರು. ಮಿಲ್ಲಿಗೆ ಸೇರಿದ ಮೇಲೆ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ದನ ಕಾಯುವ ಕಿಲಾರಿ ತಾತ ದನ ಒಳಗಾದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದ, ಇವರು ಬುತ್ತಿ ಬಿಚ್ಚುತ್ತಿದ್ದರು. ಅವತ್ತು ದನ ದೂರ ಹೋಗಿದ್ದವು. ಆದರೆ ಸಕ್ಕರೆಯ ಮಾತ್ರೆಯನ್ನು ಬೆಳಿಗ್ಗೆಯೇ ನುಂಗಿದ್ದರು. ಮಾತ್ರೆ ಊಟದ ಲೆಕ್ಕಕ್ಕಲ್ಲ, ಔಷಧ ಎಂದು ಅವರ ತಿಳುವಳಿಕೆ.

ನಾನು ಅವರ ಅಂಗಿಯ ಜೇಬಿನಿಂದ ಫೋನ್ ತೆಗೆದು ಕಣ್ಣ ಮುಂದೆ ಹಿಡಿದೆ. “ಬಂದವು ಅಣ್ಣ. ಈಗ ಕಾಲ್ ಬಂತು, ನೋಡ್ರಿ. ದನ ಬಂದವು.” ಯಾವ ಕರೆಯೂ ಬಂದಿರಲಿಲ್ಲ. ಅವರು ಆ ಪರದೆಯನ್ನು ನೋಡುತ್ತ ಬಾಯಿ ತೆರೆದರು.

ಬೆಲ್ಲ ಕರಗಿ ಅವರಿಗೆ ಪ್ರಜ್ಞೆ ಪೂರ್ತಿ ಬರುವವರೆಗೂ ಬಾಯ್ಲರ್ ಮನೆಯ ಕಡೆ ನೋಡುತ್ತಲೇ ಇದ್ದೆ. ಒಳಗಿನ ಹಬೆಯ ಸದ್ದು ನಿಧಾನವಾಗಿ ಇಳಿಯಿತು. ಏನೂ ಆಗಲಿಲ್ಲ.

ಮರುದಿನ ರಿಪೇರಿಯವರು ಬಂದು ತೆರೆದು ನೋಡಿ, ನೀರು ಗಾಜಿಗಿಂತ ಸ್ವಲ್ಪವೇ ಕೆಳಗಿತ್ತು, ಕೊಳವೆಗಳು ಇನ್ನೂ ಮುಳುಗಿದ್ದವು ಅಂದರು. “ಪಂಪು ಹಾಕಿದ್ರೂ ಏನೂ ಆಗ್ತಿರ್ಲಿಲ್ಲ ಅನ್ಸುತ್ತೆ ಮೇಡಮ್.” ನನಗೆ ಸಮಾಧಾನ ಆಗಬೇಕಿತ್ತು. ಆದರೆ ನನ್ನ ತಲೆಯಲ್ಲಿ ಆ ಮಧ್ಯಾಹ್ನ ಬೇರೆ ಥರ ನಡೆಯುತ್ತಲೇ ಇತ್ತು. ಕೆಲವು ಸಲ ನಾನು ಒಂದು ಹೆಜ್ಜೆ ತಡವಾಗುತ್ತೇನೆ, ಮೇಸ್ತ್ರಿಯ ಕೈ ಸ್ವಿಚ್ಚು ಮುಟ್ಟುತ್ತದೆ. ಕೆಲವು ಸಲ ನಾನು ಮಾದರಿ ಹಿಡಿಯಲು ಹೋಗುವುದೇ ಇಲ್ಲ. ಇದನ್ನು ಬರೆಯುವಾಗಲೂ ಬಲಗೈ ಹೆಬ್ಬೆರಳಿನಲ್ಲಿ ಅವರ ಮಣಿಕಟ್ಟಿನ ಎಲುಬು ಸಿಕ್ಕ ಹಾಗೆ ಆಗುತ್ತದೆ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಅಣ್ಣನಿಗೆ ಎರಡು ಮಾತು ಹೇಳಿದರು: ಮಾತ್ರೆ ನುಂಗಿ ಉಪವಾಸ ಇರಬಾರದು, ಬಾಯ್ಲರ್ ಮುಂದೆ ಒಬ್ಬರೇ ಕೂರಬಾರದು. ಮಿಲ್ ಮಾಲೀಕರು ವಾರ ರಜೆ ಕೊಟ್ಟರು. ನನ್ನನ್ನು ಕರೆದು, “ಐವತ್ತೈದು ಆಯ್ತಲ್ಲ. ಪಿಂಚಣಿ ಈಗಲೇ ಶುರು ಮಾಡಿಸಿ, ಗೇಟಿನ ಹತ್ರ ಕೂರಿಸ್ಕೊಳ್ಳಾಣ. ಎರಡೂ ಕಡೆಯಿಂದ ಬರುತ್ತೆ,” ಎಂದರು. ಕೆಲಸಗಾರರ ಪಿ.ಎಫ್. ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬುವುದು ನನ್ನ ಇನ್ನೊಂದು ಕೆಲಸವಾದ್ದರಿಂದ ಲೆಕ್ಕ ನನಗೆ ಬಂತು.

ಈ ಪಿಂಚಣಿಯ ಪೂರ್ತಿ ವಯಸ್ಸು ಐವತ್ತೆಂಟು. ಹತ್ತು ವರ್ಷ ಸೇವೆಯಾಗಿದ್ದರೆ ಐವತ್ತರ ನಂತರ ಯಾವಾಗ ಬೇಕಾದರೂ ಕೇಳಬಹುದು. ಆದರೆ ಎಷ್ಟು ವರ್ಷ ಮುಂಚೆಯೋ ಅಷ್ಟಕ್ಕೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಮುರಿಯುತ್ತಾರೆ. ಮುರಿದದ್ದು ಸಾಯುವ ತನಕ ಹಾಗೇ ಇರುತ್ತದೆ, ಐವತ್ತೆಂಟು ದಾಟಿದರೂ ಕೂಡಿಕೊಳ್ಳುವುದಿಲ್ಲ. ನಾನು ಕಾಗದದ ಮೇಲೆ ಎರಡು ಸಾಲು ಹಾಕಿದೆ. ಈಗಲೇ ತೆಗೆದುಕೊಂಡರೆ ಮೂರು ವರ್ಷ ಮುಂಚೆ ಬರುವ ದುಡ್ಡು. ಕಾದರೆ ಪ್ರತಿ ತಿಂಗಳೂ ಬರುವ ಹೆಚ್ಚು. ಅಣ್ಣ ಎಂಬತ್ತು ದಾಟಿ ಬದುಕಿದರೆ ಮಾತ್ರ ಕಾದದ್ದಕ್ಕೆ ಫಲ. ಸಕ್ಕರೆ ಕಾಯಿಲೆಯ, ಹೊಗೆ ಕುಡಿದ ಎದೆಯ ಮನುಷ್ಯ. ಲೆಕ್ಕ ಸ್ಪಷ್ಟವಾಗಿತ್ತು. ಭಾನುವಾರ ಮೊಳಕಾಲ್ಮೂರು ಬಸ್ಸು ಹತ್ತಿದೆ.

ಮನೆ ಮಣ್ಣಿನ ಮಾಳಿಗೆಯದು. ಒಂದು ಮೂಲೆಯಲ್ಲಿ ತೊಲೆ ಬಾಗಿ, ಅದಕ್ಕೆ ಕಂಬ ಕೊಟ್ಟಿದ್ದರು. ಅವರ ಹೆಂಡತಿ ಬಾಗಿಲ ಬೆಳಕಿಗೆ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದರು. ಮೊಳಕಾಲ್ಮೂರಿನ ರೇಷ್ಮೆ ಮಗ್ಗದವರಿಗೆ ಬೇಕಾದ ನೂಲಿನ ಚಿಕ್ಕ ಕಡ್ಡಿಗಳವು. ಗಂಡನಿಗಿಂತ ಹತ್ತು ವರ್ಷ ಚಿಕ್ಕವರು. ಮನೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ.

ನಾನು ಬಂದ ವಿಷಯ ಹೇಳುವ ಮೊದಲೇ ಅಣ್ಣ ಕೇಳಿದರು. “ಮೇಡಮ್ಮ, ಅವತ್ತು ಫೋನ್ ಬಂದಿರ್ಲಿಲ್ಲ, ಅಲ್ವಾ?”

“ಇಲ್ಲ ಅಣ್ಣ.”

“ಗೊತ್ತಾತು. ತಾತ ಸಂಜಿಗೆ ಫೋನ್ ಮಾಡಿದ್ದ. ನಾನು ಎದ್ದು ಹೋಗಿ ರೊಪ್ಪದ ಬಾಗ್ಲಾಗೆ ಅಡ್ಡಬಿದ್ದೆ, ತಪ್ಪಾತು ಅಂತ.”

ಅವರ ಹೆಂಡತಿ ರಾಟೆ ನಿಲ್ಲಿಸದೆ ನಕ್ಕರು. “ಹೇಳ್ರಿ, ತಾತ ಏನಂದ ಅನ್ನೋದೂ ಹೇಳ್ರಿ.”

“ನೀನೇ ಹೇಳು.”

“‘ಲೇ, ದನ ದಿನಾ ಪೂರ್ತಿ ಮೇಯ್ತಾ ಇರ್ತಾವೆ, ನೀನು ಉಪಾಸ ಇರ್ತೀಯಾ. ನಿನ್ನ ಹೊಟ್ಟೆ ಒಣಗಿಸ್ಕಂಡು ಸಾಯಿ ಅಂತ ಯಾವ ಹಸ ಹೇಳ್ತಲೇ? ಅವು ಬೆಳಿಗ್ಗೆ ಬಾಯಾಡಿಸಿದಾಗ ನೀನೂ ಬಾಯಾಡ್ಸು. ನೀರು ಕುಡಿದಾಗ ನೀನೂ ಉಣ್ಣು’ ಅಂದ. ದನದ ಲೆಕ್ಕದಾಗೆ ಇವ್ರಿಗೆ ಮೂರು ಊಟ ಸಿಕ್ತು.”

ಅಣ್ಣ ಮುಖ ಒರೆಸಿಕೊಂಡರು. “ಮೇಡಮ್ಮನ ಮ್ಯಾಲೆ ಸಿಟ್ಟಿಲ್ಲ. ಆದ್ರೆ ಕೇಳಿದೆ, ಅಷ್ಟೇ.”

ಆಮೇಲೆ ನಾನು ಕಾಗದ ಬಿಚ್ಚಿದೆ. ಈಗಲೇ ಪಿಂಚಣಿ, ಜೊತೆಗೆ ಗೇಟಿನ ಕೆಲಸ. ಎಂಬತ್ತರ ಮಾತನ್ನು ಆದಷ್ಟು ಮೆತ್ತಗೆ ಹೇಳಿದೆ. ಅಣ್ಣ ಪೂರ್ತಿ ಕೇಳಿದರು.

“ನಾನು ಸತ್ತ ಮ್ಯಾಲೆ ಇವಳಿಗೆ ಎಷ್ಟು?”

“ನಿಮಗೆ ಬರ್ತಿದ್ದುದರ ಅರ್ಧ.”

“ಮುರಿದದ್ದರ ಅರ್ಧವೋ, ಪೂರ್ತಿಯದರ ಅರ್ಧವೋ?”

“ಮುರಿದದ್ದರ.”

“ನೀವು ನನ್ನ ಆಯಸ್ಸಿನ ಮ್ಯಾಲೆ ಲೆಕ್ಕ ಹಾಕೀರಿ ಮೇಡಮ್ಮ. ಇವಳ್ದು ಹಾಕಿಲ್ಲ. ಇವಳ ಅವ್ವ ಎಂಬತ್ತೈದು ದಾಟೈತೆ, ಇನ್ನೂ ಕೋಳಿ ಓಡಿಸ್ಕಂಡು ಹೋಗ್ತೈತೆ. ಇವಳು ಅದರ ಕೊನೇ ಮಗಳು. ನಾನು ಹೋದ ಮ್ಯಾಲೆ ಇಪ್ಪತ್ತು ವರ್ಷನಾದ್ರೂ ಇರ್ತಾಳೆ. ಆ ಇಪ್ಪತ್ತು ವರ್ಷಕ್ಕೆ ಸೇರ್ಸಿ ಹಾಕ್ರಿ. ನಾನು ಐವತ್ತೆಂಟರ ತನ್ಕ ಬಾಯ್ಲರ್ ನೋಡ್ಕಂತೀನಿ.”

ರಾಟೆ ನಿಂತಿತು. “ಊರುಕೋಂಡಿ,” ಎಂದು ತೆಲುಗಿನಲ್ಲಿ ಗದರಿ ಅವರನ್ನು ಸುಮ್ಮನಾಗಿಸಿದರು ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿ, “ನೋಡ್ರಿ ತಾಯಿ, ನನ್ನ ಹೆಸ್ರು ಹೇಳ್ಕಂಡು ಬೆಂಕಿ ಮುಂದೆ ಕೂರ್ತಾರಂತೆ. ನನಗೆ ಇವ್ರ ಅರ್ಧ ದುಡ್ಡು ಬ್ಯಾಡ, ಪೂರ್ತಿ ಮನುಷ್ಯ ಬೇಕು,” ಅಂದರು.

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಕಾಗದ ಮಡಚಿಕೊಂಡೆ.

ಬಸ್ಸಿನಲ್ಲಿ ಹಿಂದಿರುಗುವಾಗ ಲೆಕ್ಕವನ್ನು ಮತ್ತೆ ಮಾಡಿದೆ, ಅವರು ಹೇಳಿದ ಹಾಗೆ ಇಬ್ಬರ ಆಯಸ್ಸನ್ನೂ ಸೇರಿಸಿ. ತಕ್ಕಡಿ ನಿಧಾನವಾಗಿ ಕಾಯುವ ಕಡೆಗೆ ವಾಲಿತು. ಬಹಳವೇನಲ್ಲ. ಆದರೆ ಆ ಸ್ವಲ್ಪ ಬರುವುದು ಅವರ ಹೆಂಡತಿ ಒಬ್ಬರೇ ಇರುವ ಕೊನೆಯ ವರ್ಷಗಳಲ್ಲಿ.

ಆ ತಿಂಗಳ ಪಿ.ಎಫ್. ಶಿಬಿರಕ್ಕೆ ಅಣ್ಣನನ್ನು ಕರೆದುಕೊಂಡು ಹೋದೆ. ಅಲ್ಲಿ ಮಾಲೀಕರ ಉಪಾಯ ಮೊದಲ ಮಾತಿಗೇ ಮುರಿಯಿತು. ಐವತ್ತೆಂಟಕ್ಕೆ ಮುಂಚೆ ಪಿಂಚಣಿ ಬೇಕಾದರೆ ಪಿ.ಎಫ್. ಇರುವ ಯಾವ ಕೆಲಸದಲ್ಲೂ ಇರಕೂಡದು ಎಂದರು ಅಧಿಕಾರಿ. ಪಿಂಚಣಿಯೂ ಗೇಟಿನ ಸಂಬಳವೂ ಒಟ್ಟಿಗೆ ಇಲ್ಲ. ಹಾಗಾದರೆ ಪಿಂಚಣಿ ಬಿಟ್ಟು ಐವತ್ತೆಂಟರವರೆಗೆ ಗೇಟಿನಲ್ಲೇ ಕೂರಲಿ ಎಂದೆ. ಆದರೆ ಗೇಟಿನ ಸಂಬಳ ಕಡಿಮೆ. ಪಿಂಚಣಿ ಲೆಕ್ಕ ಹಾಕುವುದು ಕೊನೆಯ ಐದು ವರ್ಷಗಳ ಸಂಬಳದ ಸರಾಸರಿಯ ಮೇಲೆ. ಮೂರು ವರ್ಷ ಕಡಿಮೆ ಸಂಬಳಕ್ಕೆ ಕೂತರೆ ಸರಾಸರಿಯೇ ಇಳಿಯುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತಿತ್ತು.

“ಮತ್ತೆ ಬಾಯ್ಲರೇ ಗತಿ,” ಅಂದರು ಅಣ್ಣ, ಗೆದ್ದವರ ಹಾಗೆ.

ನಾವು ಎದ್ದಾಗ ಅಧಿಕಾರಿ ತಡೆದರು. “ಯಜಮಾನ್ರೆ, ಕೆಲಸ ಬಿಡೋದು ಬೇರೆ, ಪಿಂಚಣಿ ಶುರು ಮಾಡ್ಸೋದು ಬೇರೆ. ಎರಡೂ ಒಂದೇ ದಿನ ಆಗ್ಬೇಕು ಅಂತ ಯಾರು ಹೇಳಿದ್ರು? ಕೆಲಸ ಇವತ್ತು ಬಿಡಿ. ಸೇವೆಯ ಪ್ರಮಾಣಪತ್ರ ಇಟ್ಕೊಂಡಿರಿ. ಐವತ್ತೆಂಟಕ್ಕೆ ಬಂದು ಅರ್ಜಿ ಹಾಕಿ, ಮುರಿಯೋದಿಲ್ಲ. ನಡುವೆ ನಿಮಗೇನಾದ್ರೂ ಆದ್ರೆ ಮನೆಯವರಿಗೆ ಪಿಂಚಣಿ ಬರುತ್ತೆ.”

ಬಿ.ಎಸ್ಸಿ. ಓದಿದ ನಾನು, ಮಿಲ್ ನಡೆಸುವ ಮಾಲೀಕರು, ಯಾರೂ ಇದನ್ನು ಬಿಡಿಸಿ ನೋಡಿರಲಿಲ್ಲ. ಕೆಲಸ ನಿಂತ ದಿನವೇ ಪಿಂಚಣಿ ಎಂದು ಎಲ್ಲರ ತಲೆಯಲ್ಲೂ ಗಂಟು ಬಿದ್ದಿತ್ತು.

“ಮೂರು ವರ್ಷ ಏನು ಉಣ್ಣೋದು ಸಾರ್?” ಎಂದು ಕೇಳಿದರು ಅಣ್ಣ.

“ಪಿ.ಎಫ್. ಗಂಟು ಇದೆಯಲ್ಲ. ಐವತ್ತೈದಾದ ಮೇಲೆ ನಿವೃತ್ತಿ ಅಂದ್ರೆ ಪೂರ್ತಿ ಕೊಡ್ತೀವಿ.”

ಅಣ್ಣನ ಮುಖ ಸಪ್ಪಗಾಯಿತು. ಆ ಗಂಟು ಮಾಳಿಗೆ ಇಳಿಸಿ ತಾರಸಿ ಹಾಕಿಸಲು ಎಂದು ಎತ್ತಿಟ್ಟದ್ದು. ಬಸ್ ಇಳಿಯುವಾಗ, “ನೋಡಾಣ ಬಿಡ್ರಿ,” ಎಂದು ಹೊರಟರು. ಅಧಿಕಾರಿ ಹೇಳಿದ್ದನ್ನು ಮನೆಯಲ್ಲಿ ಹೇಳಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಮಿಲ್ಲಿನಲ್ಲಿ ತೊಡಕಾಯಿತು. ಅಣ್ಣನ ಜಾಗಕ್ಕೆ ಬರುತ್ತೇನೆ ಎಂದಿದ್ದ ಬಾಯ್ಲರ್ ಪರವಾನಗಿಯವರೊಬ್ಬರು ಬರಲಿಲ್ಲ. ಶೇಂಗಾ ಚೀಲಗಳು ಬಂದು ಬಿದ್ದಿದ್ದವು. ಗಂಟೆಯನ್ನು ರಿಪೇರಿ ಮಾಡಿಸಿ ಆಗಿತ್ತು. ಜೊತೆಗೆ ಮೇಸ್ತ್ರಿಯನ್ನೂ ಕೂರಿಸುತ್ತೇನೆ, ನಾಲ್ಕು ದಿನ ಬಂದು ನಡೆಸಿಕೊಡು ಎಂದು ಮಾಲೀಕರು ಅಣ್ಣನಿಗೆ ಹೇಳಿ ಕಳಿಸಿದರು. ಅಣ್ಣ ಮಂಗಳವಾರ ಬೆಳಿಗ್ಗೆ ಬಂದರು. ಹೊಟ್ಟೆ ತುಂಬ ಉಂಡು ಬಂದಿದ್ದೇನೆ ಎಂದು ನನಗೆ ಹೊಟ್ಟೆ ತಟ್ಟಿ ತೋರಿಸಿದರು. ಪೂಜೆ ಮಾಡಿ ಬೆಂಕಿ ಹಚ್ಚಿದರು.

ನಾನು ಪ್ರಯೋಗಾಲಯದಲ್ಲಿ ಹಿಂಡಿಯ ಎಣ್ಣೆ ಅಂಶ ನೋಡುತ್ತಿದ್ದೆ. ಬಾಯ್ಲರ್ ಮನೆಯಿಂದ ಹಬೆ ಬಿಡುವ ಸದ್ದು ಕೇಳಿತು. ಗಾಜು ಪರೀಕ್ಷಿಸುವ ಸದ್ದು ಅದು, ಒಂದು ಪಾಳಿಯಲ್ಲಿ ಒಂದೆರಡು ಸಲ ಕೇಳುವಂಥದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿತು. ಮತ್ತೆ. ಪ್ರತಿ ಸಲವೂ ನಾನು ಓದುತ್ತಿದ್ದ ಅಳತೆ ಮರೆತು ಮೊದಲಿನಿಂದ ಶುರು ಮಾಡುತ್ತಿದ್ದೆ. ಮೇಸ್ತ್ರಿ ಬಂದು, “ಮೇಡಮ್, ಒಂಚೂರು ಬರ್ರಿ. ಬೆಳಗಿಂದ ನಲ್ಲಿ ಬಿಡ್ತಾನೇ ಅವ್ನೆ. ಗಾಣಕ್ಕೆ ಹೋಗೋ ಹಬೆ ಎಲ್ಲಾ ನೆಲಕ್ಕೆ,” ಅಂದರು.

ಹೋದೆ. ಅಣ್ಣ ಗಾಜಿನ ಮುಂದೆ ನಿಂತಿದ್ದರು. ನೀರಿನ ಗೆರೆ ಸರಿಯಾಗಿ ನಡುವೆ ಇತ್ತು. ಅವರು ನಲ್ಲಿ ತೆರೆದರು, ಗಾಜು ಖಾಲಿಯಾಯಿತು. ಮುಚ್ಚಿದರು, ಗೆರೆ ಮೇಲೇರಿ ನಿಂತಿತು. ಮತ್ತೆ ತೆರೆದರು.

“ಮೇಡಮ್ಮ, ನೀರು ಐತಾ?”

“ಐತೆ ಅಣ್ಣ. ನಡುವೆ ಐತೆ.”

“ನಿಜ ಹೇಳ್ತೀರಲ್ಲ?”

ಆ ಪ್ರಶ್ನೆ ಯಾಕೆ ಕೇಳಿದರೆಂದು ನನಗೆ ಗೊತ್ತಿತ್ತು. “ಈ ಸಲ ನಿಜ,” ಅಂದೆ.

ಅವರು ನಲ್ಲಿ ಬಿಟ್ಟು ಕೈ ಒರೆಸಿಕೊಂಡರು. “ಅವತ್ತು ತುಂಬೈತೆ ಅಂತ ಈ ಕಣ್ಣಾಗೇ ಕಂಡಿದ್ದು. ಇವತ್ತೂ ಇದೇ ಕಣ್ಣು. ಹೆಂಗೆ ನಂಬ್ಲಿ? ಆ ಹೊಟ್ಟು ತಳ್ಳೋ ಹೆಣ್ಣುಮಗಳು ಅಲ್ಲೇ ನಿಂತವ್ಳೆ. ನೀವು ಬರ್ತೀರಿ, ಹೋಗ್ತೀರಿ. ಮನೇಲಿ ನಿದ್ದೆ ಬರಲ್ಲ ಮೇಡಮ್ಮ. ಕಣ್ಣು ಮುಚ್ಚಿದ್ರೆ ಗಾಜು.”

“ನನಗೂ ಬರಲ್ಲ ಅಣ್ಣ.”

ಅವರು ನನ್ನನ್ನೇ ನೋಡಿದರು. ಇದು ಅವರಿಗೆ ಹೊಳೆದಿರಲಿಲ್ಲವೆಂದು ಕಾಣುತ್ತದೆ. “ನಿಮಗೂ?” ಎಂದು ಇನ್ನೊಮ್ಮೆ ಕೇಳಿ, ಮೇಸ್ತ್ರಿಗೆ ಹೊಟ್ಟು ನಿಲ್ಲಿಸಲು ಕೈ ಸನ್ನೆ ಮಾಡಿದರು. ಬೆಂಕಿ ಇಳಿಸಿ, ಒಂದೊಂದೇ ವಾಲ್ವ್ ಮುಚ್ಚಿ, ನೀರಿನ ಗೆರೆ ಎಲ್ಲಿದೆಯೆಂದು ನನ್ನಿಂದಲೇ ಕೂಗಿ ಹೇಳಿಸಿ ಬರೆದಿಟ್ಟರು. ಆಮೇಲೆ ಮಾಲೀಕರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ.

“ಸಾಹುಕಾರ್ರೇ, ಬಾಯ್ಲರ್ ಇವತ್ತಿಗೆ ಸಾಕು. ಪಿಂಚಣಿ ಐವತ್ತೆಂಟಕ್ಕೇ ತಗೊಂತೀನಿ. ಗೇಟೂ ಬ್ಯಾಡ.”

“ನಾಲ್ಕು ದಿನ ಅಂದಿದ್ದೆನಲ್ಲಯ್ಯಾ,” ಎಂದರು ಮಾಲೀಕರು. ಅಣ್ಣನ ಮುಖ ನೋಡಿ ಮತ್ತೆ ಒತ್ತಾಯಿಸಲಿಲ್ಲ. ಮಿಲ್ಲು ಎರಡು ವಾರ ನಿಂತಿತು.

ಮನೆಯಲ್ಲಿ ಹೇಳುವಾಗ ನಾನೂ ಇರಬೇಕೆಂದರು. ಪಿ.ಎಫ್. ಗಂಟು ಮೂರು ವರ್ಷಕ್ಕೆ ಊಟಕ್ಕಾಗುತ್ತದೆ, ಮಾಳಿಗೆ ಹೀಗೇ ಇರುತ್ತದೆ ಎಂದು ತಲೆ ತಗ್ಗಿಸಿ ಒಪ್ಪಿಸಿದರು. ಹೆಂಡತಿ ಕಂಬ ಕೊಟ್ಟ ಮೂಲೆಯನ್ನು ಒಮ್ಮೆ ನೋಡಿದರು.

“ಮಾಳಿಗೆ ಮೂರು ವರ್ಷ ತಡಕಂತೈತೆ. ಇನ್ನೊಂದು ಕಂಬ ಕೊಟ್ರಾತು. ನಿನಗೆಲ್ಲಿ ಕೊಡ್ಲಿ ಕಂಬ?”

ಅವರು ಗಂಡನನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಣ್ಣ ನಗಲು ಹೋಗಿ ಆಗದೆ ಹೊರಗೆ ಎದ್ದು ಹೋದರು. ಹೆಂಡತಿ ಕಣ್ಣೊರೆಸಿಕೊಂಡು ರಾಟೆಯ ಮುಂದೆ ಕೂತರು. “ನಾನೂ ಇನ್ನೊಂದು ಮಗ್ಗದವರ ನೂಲು ಒಪ್ಕಂತೀನಿ ತಾಯಿ. ಇವ್ರಿಗೂ ಸುತ್ತೋದು ಕಲಿಸ್ತೀನಿ. ಬೆರಳು ದಪ್ಪ, ಎಳೆ ಕಿತ್ತುಹಾಕ್ತಾರೆ, ಅದೊಂದೇ ಭಯ.”

ಮುಂದಿನ ವಾರ ಇಬ್ಬರೂ ಮಿಲ್ಲಿಗೆ ಬಂದರು. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ದಾಖಲಿಸಿದ್ದರು. ಕಾರಣದ ಜಾಗದಲ್ಲಿ ನಿವೃತ್ತಿ ಆರಿಸಿದೆ. ಪಿ.ಎಫ್. ಪೂರ್ತಿ, ಪಿಂಚಣಿಯ ಬದಲು ಪ್ರಮಾಣಪತ್ರ. ತಪ್ಪಿ ಬೇರೆ ಕಡೆ ಒತ್ತಿಬಿಡುತ್ತೇನೆಂಬ ಭಯಕ್ಕೆ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದೆ. ಅಣ್ಣನ ಫೋನಿಗೆ ಬಂದ ಸಂಖ್ಯೆಯನ್ನು ಅವರ ಹೆಂಡತಿ ಒಂದೊಂದಾಗಿ ಹೇಳಿದರು, ತೆಲುಗಿನಲ್ಲಿ. ನಾನು ಒತ್ತಿದೆ. ಅರ್ಜಿ ಹೋಯಿತು.

“ಐವತ್ತೆಂಟಕ್ಕೆ ಇದನ್ನ ನೀವೇ ಮಾಡಿಕೊಡ್ಬೇಕು. ಎಲ್ಲಿಗೂ ಹೋಗಬ್ಯಾಡ್ರಿ,” ಅಂದರು ಅಣ್ಣ.

“ನೀವು ಬರಬೇಕಲ್ಲ ಅಣ್ಣ, ಅರ್ಜಿ ಹಾಕೋಕೆ.”

“ಬರ್ತೀನಿ. ಇವಳು ಬಿಟ್ಟಾಳಾ?”

ಅವತ್ತು ಮನೆಗೆ ಬಂದು ಊಟ ಮಾಡಿ ಮಲಗಿದೆ. ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ನಾಲ್ಕು ಸಲ ಕೂಗಿತಂತೆ, ನನಗೆ ಕೇಳಿಸಿರಲಿಲ್ಲ. ಮುಖ ತೊಳೆಯುವ ಮೊದಲು ಕೊಂಡ್ಲಹಳ್ಳಿ ಕಡೆಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿ, ಪಿಸುದನಿಯಲ್ಲಿ, “ಇನ್ನೂ ಎದ್ದಿಲ್ಲ ತಾಯಿ, ಆಮ್ಯಾಲೆ ಮಾಡ್ರಿ,” ಎಂದು ಇಟ್ಟುಬಿಟ್ಟರು.